ಕುತ್ತಿಗೆ ಅವಳದು, ತಳ ನನ್ನದು

ಮಾರ್ಚ್ 4, ಮಂಗಳವಾರ

ಇವತ್ತೂ ಅದೇ. ಸ್ಟೂಲು, ಬಿಳಿ ಬೆಳಕಿನ ಹಲಗೆ, ಅದರ ಮುಂದೆ ಬೆಲ್ಟಿನ ಮೇಲೆ ಸಾಲಾಗಿ ಹೋಗುವ ಖಾಲಿ ಬಾಟಲಿಗಳು. ಬಿರುಕು, ಚಕ್ಕೆ, ಕೊಳೆ ಕಂಡರೆ ಎತ್ತಿ ಕೆಂಪು ಟಬ್ಬಿಗೆ ಹಾಕುವುದು. ಮುಂದೆ ಅವಕ್ಕೆ ಕೆಮ್ಮಿನ ಸಿರಪ್ ತುಂಬುತ್ತಾರೆ. ಗಾಜಿನ ಚೂರು ಯಾವ ಮಗುವಿನ ಬಾಯಿಗೂ ಹೋಗಬಾರದು. ಕೆಲಸ ಇಷ್ಟೇ.

ತಂಗಿಯ ಸ್ಟೂಲು ಪಕ್ಕದಲ್ಲೇ ಇದೆ. ಯಾರೂ ತೆಗೆದಿಲ್ಲ. ನಾನೂ ತೆಗೆಯಿರಿ ಅನ್ನಲಿಲ್ಲ. ಕಳೆದ ತಿಂಗಳು ಜ್ವರ ಅಂತ ಆಸ್ಪತ್ರೆಗೆ ನಡೆದುಕೊಂಡೇ ಹೋದವಳು ವಾಪಸ್ ಬರಲಿಲ್ಲ.

ವರ್ಷಾನುಗಟ್ಟಲೆ ಇಬ್ಬರೂ ಇಲ್ಲಿ ಕೂತಿದ್ದೇವೆ. ಅವಳು ಬಾಟಲಿಯ ಕುತ್ತಿಗೆ ನೋಡುತ್ತಿದ್ದಳು, ನಾನು ತಳ. ಯಾರೂ ಹೇಳಿಕೊಟ್ಟದ್ದಲ್ಲ, ತಾನಾಗಿ ಆದ ಹಂಚಿಕೆ. ಬಾಯಿಗೆ ಬಿಡುವಿರಲಿಲ್ಲ ಅವಳಿಗೆ. ಪ್ಯಾಕಿಂಗ್‌ನವರು ‘ಮೈಕ್’ ಅಂತಲೇ ಕರೆಯುತ್ತಿದ್ದರು. ಶಿಫ್ಟ್ ಮುಗಿದದ್ದೇ ಗೊತ್ತಾಗುತ್ತಿರಲಿಲ್ಲ.

ಈಗ ಗೊತ್ತಾಗುತ್ತಿದೆ.

ಮಾರ್ಚ್ 7, ಶುಕ್ರವಾರ

ಒಬ್ಬಳೇ ಅಂತ ಬೆಲ್ಟ್ ನಿಧಾನ ಮಾಡಿದ್ದಾರೆ. ಉಪಕಾರ ಅಂದುಕೊಂಡಿದ್ದಾರೆ. ಬಾಟಲಿಗಳು ನಿದ್ದೆಗಣ್ಣಲ್ಲಿ ನಡೆದ ಹಾಗೆ ಬರುತ್ತವೆ.

ಬೇಜಾರು ಮೊದಲು ಕಾಲಿಗೆ ಬರುತ್ತದೆ. ಆಮೇಲೆ ಹೆಗಲಿಗೆ. ಆಮೇಲೆ ಎದ್ದು ಓಡಿಹೋಗಬೇಕು ಅನ್ನಿಸುತ್ತದೆ. ಎಲ್ಲಿಗೆ? ಗೊತ್ತಿಲ್ಲ.

ಸೂಪರ್‌ವೈಸರ್ ಬಂದರು. "ಏನಮ್ಮಾ, ಎರಡು ಪರೀಕ್ಷೆ ಬಾಟಲಿ ಬಿಟ್ಟಿದ್ದೆ. ಎರಡೂ ದಾಟಿಹೋದ್ವಲ್ಲ." ಒಡೆದ ಬಾಟಲಿಯನ್ನು ಬೇಕೆಂದೇ ಸಾಲಿಗೆ ಸೇರಿಸಿ, ನಾವು ಹಿಡಿಯುತ್ತೇವಾ ಅಂತ ಮುಂದೆ ಕಾದು ನಿಂತಿರುತ್ತಾರೆ. ಹಿಂದೆಂದೂ ಒಂದೂ ದಾಟಿರಲಿಲ್ಲ.

"ಚಕ್ಕೆ ಎಲ್ಲಿತ್ತು ಸಾರ್?"

"ಎರಡಕ್ಕೂ ಕುತ್ತಿಗೇಲಿ."

ನಾನು ಪಕ್ಕದ ಸ್ಟೂಲಿನ ಕಡೆ ನೋಡಿದೆ.

"ನೋಡಿ, ನಿಮ್ಮ ಕಷ್ಟ ನಂಗೂ ಗೊತ್ತಾಗತ್ತೆ. ಪ್ಯಾಕಿಂಗ್‌ಗೆ ಬಂದುಬಿಡಿ. ಅಲ್ಲಿ ಜನ ಇದ್ದಾರೆ, ಹಾಡು ಹಾಕ್ತಾರೆ, ಹೊತ್ತು ಹೋಗತ್ತೆ."

"ನಂಗೆ ಹೊತ್ತು ಹೋಗೋದು ಬೇಡ ಸಾರ್."

ಎಲ್ಲಿಂದ ಬಂತೋ ಆ ಮಾತು. ಅವರೂ ಕಣ್ಣು ಪಿಳಿಪಿಳಿ ಬಿಟ್ಟರು. "ಸರಿ, ತಿಂಗಳ ಕೊನೆವರೆಗೂ ನೋಡೋಣ. ಆದ್ರೆ ಇನ್ನೊಂದು ದಾಟಿದ್ರೆ ಪ್ಯಾಕಿಂಗೇ. ಮತ್ತೆ ಮಾತಿಲ್ಲ."

ಈ ಜಾಗ ಬಿಡುವವಳಲ್ಲ ನಾನು. ಬಿಟ್ಟರೆ ಅವಳ ಪಾಲಿನ ಕುತ್ತಿಗೆಯನ್ನು ಬೇರೆ ಯಾರೋ ನೋಡುತ್ತಾರೆ.

ಮಾರ್ಚ್ 9, ಭಾನುವಾರ

ತಂಗಿಯ ಮಗಳು ಬಂದಿದ್ದಳು. ಹೋಟೆಲ್ ರಿಸೆಪ್ಷನ್ ಕೆಲಸ, ದಿನವಿಡೀ ನಗಬೇಕು. ನಮ್ಮ ಮನೆಗೆ ಬಂದರೆ ನಗುವುದಿಲ್ಲ. ಅದೇ ಅವಳಿಗೆ ವಿಶ್ರಾಂತಿ. ಇಯರ್‌ಫೋನ್ ತಂದಿದ್ದಳು.

"ದೊಡ್ಡಮ್ಮ, ಇದು ಹಾಕ್ಕೋ. ಟೋಪಿ ಒಳಗೆ ಯಾರಿಗೂ ಕಾಣಲ್ಲ. ಖಾಲಿ ಬಾಟಲಿ ನೋಡ್ಕೊಂಡು ಖಾಲಿ ಕೂರೋದು ಅಂದ್ರೆ... ಹುಚ್ಚು ಹಿಡಿಯಲ್ವಾ?"

"ನಿಮ್ಮಮ್ಮ ಇದ್ದಾಗ ಹುಚ್ಚು ಹಿಡಿಯೋಕೆ ಪುರುಸೊತ್ತೆಲ್ಲಿತ್ತು?"

ಇಬ್ಬರೂ ನಕ್ಕೆವು. ಆಮೇಲೆ ಅವಳು ಮೊಬೈಲ್ ತೆಗೆದಳು. ನಾನು ಟೀವಿ ಹಾಕಿದೆ. ಸುಮ್ಮನೆ ಕೂರುವ ಹೆದರಿಕೆ ಇಬ್ಬರದೂ ಒಂದೇ.

ಮಾರ್ಚ್ 11, ಮಂಗಳವಾರ

ಇಯರ್‌ಫೋನ್ ಹಾಕಿದೆ. ಹಾಡು ಮುಗಿದರೆ ಹಾಡು. ಬೇಜಾರು ಹತ್ತಿರ ಸುಳಿಯಲಿಲ್ಲ. ಊಟದ ಹೊತ್ತಿಗೆ ನೋಡಿದರೆ ಕೆಂಪು ಟಬ್ಬು ಖಾಲಿ. ಒಂದೂ ಕೆಟ್ಟದ್ದು ಬಂದಿಲ್ಲವೋ, ನಾನೇ ಬಿಟ್ಟೆನೋ? ಕಣ್ಣು ತೆರೆದೇ ಇತ್ತು, ಅದರ ಹಿಂದೆ ಯಾರೂ ಇರಲಿಲ್ಲ. ಇಯರ್‌ಫೋನ್ ಕಿತ್ತು ಚೀಲಕ್ಕೆ ಹಾಕಿದೆ.

ಬೇಜಾರು ತಕ್ಷಣ ವಾಪಸ್ಸು. ಬಾಗಿಲ ಹಿಂದೆಯೇ ಕಾದಿತ್ತು ಅನ್ನಿಸುತ್ತದೆ. ಬಾ ಅಂದೆ. ಪಕ್ಕದ ಸ್ಟೂಲು ಖಾಲಿ ಇದೆ, ಕೂತುಕೋ.

ಮಾರ್ಚ್ 19, ಬುಧವಾರ

ಬರೆಯುವುದಕ್ಕೆ ಏನೂ ಇರಲಿಲ್ಲ. ಅದಕ್ಕೇ ಬರೆಯಲಿಲ್ಲ. ಇವತ್ತು ಇದೆ — ಹೇಗೆ ಬರೆಯುವುದು ಅಂತ ಗೊತ್ತಿಲ್ಲ.

ಇಷ್ಟು ದಿನ ತಪ್ಪಿಸಿಕೊಳ್ಳುವ ಆಟ ಆಡಿದ್ದೆ. ಮನಸ್ಸಲ್ಲೇ ಅಡುಗೆ ಮಾಡಿದೆ, ಮನೆ ಗುಡಿಸಿದೆ, ಸತ್ತವಳ ಜೊತೆ ಜಗಳ ಆಡಿದೆ. ಎಲ್ಲ ಮುಗಿಯಿತು. ಆಡುವುದಕ್ಕೆ ಆಟ ಉಳಿಯಲಿಲ್ಲ. "ಅಯ್ಯೋ, ಎಂಥ ಬೇಜಾರಪ್ಪಾ" ಅಂತ ಒಳಗೆ ಯಾರೋ ಗೊಣಗಿದರು.

ನಾನೇ. ಆದರೆ ಕೇಳಿಸಿಕೊಂಡದ್ದೂ ನಾನೇ. ಗೊಣಗಿದವಳಿಗೆ ಬೇಜಾರಾಗಿತ್ತು. ಕೇಳಿಸಿಕೊಂಡವಳಿಗೆ ಆಗಿರಲಿಲ್ಲ. ಸುಮ್ಮನೆ ಇದ್ದಳು, ಬೆಳಕಿನ ಹಲಗೆ ಇದ್ದ ಹಾಗೆ. ಬಾಟಲಿ ಬಂದರೂ ಸರಿ, ಹೋದರೂ ಸರಿ.

ಇವಳು ಯಾವಾಗಿನಿಂದ ಇದ್ದಾಳೆ? ನನ್ನ ಜೊತೆಯೇ ಹುಟ್ಟಿರಬೇಕು. ಇಷ್ಟು ವಯಸ್ಸಾಯಿತು, ಪರಿಚಯವೇ ಆಗಿರಲಿಲ್ಲ.

ಆಗ ತಂಗಿ ಬಂದಳು. ನೆನಪಲ್ಲ, ಅವಳಿಲ್ಲ ಅನ್ನುವುದೇ ಬಂತು. ತಡೆಯಲಿಲ್ಲ. ಕಣ್ಣೀರು ಟೋಪಿಯ ದಾರದವರೆಗೂ ಇಳಿಯಿತು. ಕಣ್ಣು ಮಾತ್ರ ಬಾಟಲಿಯ ಮೇಲೇ ಇತ್ತು. ಒದ್ದೆ ಬೆಳಕಿನಲ್ಲಿ ಕುತ್ತಿಗೆ ಕಂಡಿತು. ತಳವೂ ಕಂಡಿತು. ಇಡೀ ಬಾಟಲಿ ಕಂಡಿತು.

ಅಳುತ್ತಲೇ ಪರೀಕ್ಷೆ ಬಾಟಲಿ ಹಿಡಿದೆ. ಚಕ್ಕೆ ಕುತ್ತಿಗೆಯಲ್ಲಿ! ಸೂಪರ್‌ವೈಸರ್ ದೂರದಿಂದಲೇ ತಲೆ ಆಡಿಸಿದರು. ನನಗೆ ನನ್ನ ಮೇಲೆ ಇಷ್ಟು ಅಭಿಮಾನ ಯಾವತ್ತೂ ಬಂದಿರಲಿಲ್ಲ.

ಮಾರ್ಚ್ 21, ಶುಕ್ರವಾರ

ಪ್ಯಾಕಿಂಗ್‌ನಲ್ಲಿ ಎಲ್ಲರೂ ಅಕ್ಕ ಅಂತ ಕರೆಯುವವಳು ಊಟದ ಮೇಜಿನಲ್ಲಿ ಎಲ್ಲರ ಮುಂದೆ ಶುರುಮಾಡಿದಳು. "ಏನೇ, ಬಾಟಲಿ ನೋಡಿ ನೋಡಿ ಸನ್ಯಾಸಿನಿ ಆಗ್ಬಿಟ್ಯಾ? ಮುಖಕ್ಕೆ ಒಳ್ಳೇ ಕಳೆ ಬಂದಿದೆ."

"ಕಳೆ ಎಲ್ಲಿಂದಕ್ಕಾ, ಟ್ಯೂಬ್‌ಲೈಟ್ ಬೆಳಕು."

"ನಮ್ಮ ಕಡೇನೂ ಟ್ಯೂಬ್‌ಲೈಟ್ ಇದೆ ಕಣೇ. ನಮ್ಮ ಮುಖ ಯಾಕೆ ಸುಟ್ಟ ಬಲ್ಬ್ ಥರ ಇದೆ?"

ನಕ್ಕು ನಕ್ಕು ಸಾಕಾಯಿತು. ತಲೆ ಎತ್ತಿಕೊಂಡು ಕಾರಿಡಾರಿನಲ್ಲಿ ನಡೆದು ಬಂದೆ. ಹೌದು, ಜಂಬ ಬಂದಿದೆ. ಬರಲಿ. ಕಷ್ಟಪಟ್ಟು ಸಂಪಾದಿಸಿದ್ದು.

ಮಾರ್ಚ್ 26, ಬುಧವಾರ

ಆದದ್ದು ಆದ ಹಾಗೇ ಬರೆಯಬೇಕು.

ಬೆಳಗ್ಗೆ ಚೆನ್ನಾಗಿ ಕೂತಿದ್ದೆ. ಎಷ್ಟು ಚೆನ್ನಾಗಿ ನೋಡುತ್ತಿದ್ದೇನೆ, ಎಷ್ಟು ಶಾಂತವಾಗಿದ್ದೇನೆ ಅಂತ ನನ್ನನ್ನೇ ನೋಡಿಕೊಂಡು ಖುಷಿಪಡುತ್ತಿದ್ದೆ. ಅಷ್ಟರಲ್ಲಿ ಒಂದು ದಾಟಿತು. ಕುತ್ತಿಗೆ! ಕಂಡಿತ್ತು, ಕೈ ಏಳಲಿಲ್ಲ. ತಿರುಗಿ ನೋಡಿದರೆ ಅದು ತಿರುವು ದಾಟಿ, ಸಿರಪ್ ತುಂಬುವ ಕಡೆ ಮರೆಯಾಗುತ್ತಿತ್ತು.

ಗೋಡೆಯ ಮೇಲೆ ಸ್ಟಾಪ್ ಬಟನ್. ತಂಗಿಯಾಗಲಿ ನಾನಾಗಲಿ ಒಮ್ಮೆಯೂ ಮುಟ್ಟಿದ್ದಿಲ್ಲ. ಒತ್ತಿದರೆ ಇಡೀ ಕಾರ್ಖಾನೆ ನಿಲ್ಲುತ್ತದೆ. ಸುಳ್ಳಾದರೆ ಕಣ್ಣು ಹೋಯಿತು ಅನ್ನುತ್ತಾರೆ. ನಿಜವಾದರೆ ದಾಟಲು ಬಿಟ್ಟವಳು ನಾನೇ. ಎರಡರಲ್ಲೂ ಸ್ಟೂಲು ಹೋಯಿತು. "ಬಿಡು, ಪರೀಕ್ಷೆ ಬಾಟಲಿಯಾದರೆ ಅವರೇ ಎತ್ತಿಕೊಳ್ಳುತ್ತಾರೆ, ಇಲ್ಲದಿದ್ದರೆ ಯಾರಿಗೂ ಗೊತ್ತಾಗಲ್ಲ" ಅಂತ ಒಳಗೆ ಒಬ್ಬಳು ಬಡಬಡಿಸಿದಳು. ಇನ್ನೊಬ್ಬಳು ಕೇಳಿಸಿಕೊಂಡಳು.

ಒತ್ತಿದೆ.

ಬೆಲ್ಟ್ ನಿಂತಿತು. ಯಂತ್ರ ನಿಂತಿತು. ಪ್ಯಾಕಿಂಗ್‌ನ ಹಾಡೂ ನಿಂತಿತು.

"ಯಾರ್ರೀ ಒತ್ತಿದ್ದು?" ಸೂಪರ್‌ವೈಸರ್ ಓಡಿಬಂದರು.

"ನಾನು ಸಾರ್. ಒಂದು ದಾಟಿಹೋಯ್ತು. ಕುತ್ತಿಗೇಲಿ ಚಕ್ಕೆ."

"ಇವತ್ತು ನಾನು ಪರೀಕ್ಷೆ ಬಾಟಲಿ ಬಿಟ್ಟೇ ಇಲ್ವಲ್ಲಮ್ಮ!"

ಸಾಲಿನ ಪಕ್ಕ ನಡೆದೆ. ಒಂದೊಂದೇ ನೋಡಿದೆ. ತುಂಬುವ ನಳಿಕೆಯ ಹತ್ತಿರವೇ ಇತ್ತು. ಎತ್ತಿ ಕೊಟ್ಟೆ. ಅವರು ಬೆರಳಾಡಿಸಿ ಸರಕ್ಕನೆ ಕೈ ಎಳೆದುಕೊಂಡರು. ರಕ್ತದ ಸಣ್ಣ ಹನಿ. ಬಾಟಲಿ ನೋಡಿದರು, ನನ್ನ ನೋಡಿದರು.

"ಬಿಡಿ, ಪರೀಕ್ಷೆ ಬಾಟಲಿ ಅಲ್ವಲ್ಲ. ಇದು ಲೆಕ್ಕಕ್ಕಿಲ್ಲ. ನಿಮ್ಮ ಜಾಗಕ್ಕೆ ಹೋಗಿ."

"ನನ್ನ ಲೆಕ್ಕಕ್ಕಿದೆ ಸಾರ್. ದಾಟಿದ್ರೆ ಪ್ಯಾಕಿಂಗ್ ಅಂದಿದ್ರಿ, ನಾನೂ ಒಪ್ಪಿದ್ದೆ. ನನ್ನ ಜಾಗದಲ್ಲಿ ಇಬ್ಬರನ್ನ ಕೂರಿಸಿ. ಒಬ್ಬಳ ಕಣ್ಣಿಗೆ ಜಾಸ್ತಿ ಅದು."

"ಯೋಚನೆ ಮಾಡಿ ಹೇಳ್ತಿದ್ದೀರಾ?"

"ಯೋಚನೆ ಮಾಡೋಕೆ ಬೇಕಾದಷ್ಟು ಹೊತ್ತು ಕೊಟ್ಟಿದ್ರಲ್ಲ ಸಾರ್, ಬೆಲ್ಟ್ ನಿಧಾನ ಮಾಡಿ."

ಮೊದಲ ಸಲ ನಕ್ಕರು ಆ ಮನುಷ್ಯ.

ಮಾರ್ಚ್ 31, ಸೋಮವಾರ

ಪ್ಯಾಕಿಂಗ್‌ನಲ್ಲಿ ಮೊದಲ ದಿನ. ಡಬ್ಬ ಮಡಚು, ಬಾಟಲಿ ಇಡು, ಟೇಪ್ ಎಳೆ. ಹಾಡೋ ಹಾಡು, ಮಾತೋ ಮಾತು. ಆ ಅಕ್ಕ ತನ್ನ ಪಕ್ಕದಲ್ಲೇ ಜಾಗ ಹಿಡಿದಿಟ್ಟಿದ್ದಳು. ಆ ಎರಡು ಸ್ಟೂಲಿನಲ್ಲಿ ಇಬ್ಬರು ಹೊಸಬರು. ಗಾಜಿನಾಚೆಯಿಂದ ನೋಡಿದೆ. ಮುಖ ತಿರುಗಿಸಲಿಲ್ಲ.

ಜಾಗ ಬಿಟ್ಟರೆ ಅವಳನ್ನೂ ಬಿಟ್ಟ ಹಾಗೆ ಅಂದುಕೊಂಡಿದ್ದೆ. ಅಲ್ಲ. ಕೇಳಿಸಿಕೊಳ್ಳುವವಳು ಸ್ಟೂಲಿನ ಜೊತೆ ಅಲ್ಲೇ ಉಳಿಯಲಿಲ್ಲ, ನನ್ನ ಹಿಂದೆಯೇ ಎದ್ದು ಬಂದಿದ್ದಾಳೆ. ತಂಗಿ ಇಲ್ಲದ್ದೂ ಜೊತೆಗೇ ಬಂದಿದೆ. ಇಬ್ಬರಿಗೂ ಜಾಗವಿದೆ.

ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಇಲ್ಲಿ ಚೂರು ಖಾಲಿ ಬರುತ್ತದೆ. ಆಗ ಎಲ್ಲರೂ ಚಡಪಡಿಸುತ್ತಾರೆ. "ಹಾಕ್ರೇ ಮುಂದಿಂದು!" ಅಂತ ಕೂಗುತ್ತಾರೆ. ನಾನು ಕೂಗುವುದಿಲ್ಲ. ಟೇಪ್ ಹಿಡಿದ ಕೈ ಹಾಗೇ ನಿಲ್ಲಿಸುತ್ತೇನೆ. ನನಗೆ ಅಷ್ಟು ಸಾಕು. ಅಷ್ಟರಲ್ಲೇ ಮುಂದಿನ ಹಾಡು ಶುರುವಾಗುತ್ತದೆ.