ಮುದ್ರೆ ಒಡೆದು ಮೊಹರು ಒತ್ತಿದವರಿಗೆ

ಸಾಲಿನಲ್ಲಿ ನಿಂತು ಕಾಲು ಸೋತ ಸಮಸ್ತ ಟೋಕನ್‌ಧಾರಿಗಳೇ, ರಟ್ಟಿನ ಪೆಟ್ಟಿಗೆಗಳೇ, ಪೆಟ್ಟಿಗೆಯನ್ನು ತಬ್ಬಿಕೊಂಡ ಅಂಟುಪಟ್ಟಿಗಳೇ, ಓಡಿಹೋಗದಂತೆ ಕೌಂಟರಿಗೆ ದಾರ ಕಟ್ಟಿಸಿಕೊಂಡ ಬಡಪಾಯಿ ಪೆನ್ನೇ, ದಯವಿಟ್ಟು ನಿಶ್ಶಬ್ದ. ನಿಮ್ಮನ್ನೆಲ್ಲ ಕರೆದದ್ದು ಸಾಕ್ಷಿಗೆ ಮಾತ್ರ. ನನ್ನ ಮಾತೇನಿದ್ದರೂ ಗಾಜಿನ ಆಚೆ ಕುರ್ಚಿಯಲ್ಲಿ ಕೂತವರೊಂದಿಗೆ.

ಪಾರ್ಸೆಲ್ ತಪಾಸಣಾ ಕಚೇರಿಯ ಮಾನ್ಯ ಅಧಿಕಾರಿಗಳೇ,

ನನ್ನ ಪೆಟ್ಟಿಗೆಯ ಮೇಲಿನ ಒಡೆಯಬಾರದ ಮುದ್ರೆಯನ್ನು ತಾವು ಒಡೆದಿರಿ. ಒಡೆದ ಜಾಗಕ್ಕೆ ಕಂದು ಅಂಟುಪಟ್ಟಿ ಸುತ್ತಿ, ಅದರ ಮೇಲೆ ‘ಪರಿಶೀಲಿಸಲಾಗಿದೆ, ಸುರಕ್ಷಿತವಾಗಿದೆ’ ಎಂದು ಮೊಹರು ಒತ್ತಿದಿರಿ. ತಾವು ಸುರಕ್ಷಿತ ಎಂದು ಹೇಳುವ ಕ್ಷಣದವರೆಗೂ ಅದು ನಿಜಕ್ಕೂ ಸುರಕ್ಷಿತವಾಗಿತ್ತು. ನನ್ನ ದೂರು ಇಷ್ಟೇ. ಆದರೆ ಇಷ್ಟೇ ಎಂದರೆ ತಮ್ಮ ಕಚೇರಿಯಲ್ಲಿ ಕಡತ ತೆರೆಯುವುದಿಲ್ಲವಾದ್ದರಿಂದ ವಿವರವಾಗಿ ಹೇಳುತ್ತೇನೆ.

ನಾನು ಅಚ್ಚುಕೂಟವೊಂದರಲ್ಲಿ ಕರಡು ತಿದ್ದುವವನು. ಕನ್ನಡ ಮಾಧ್ಯಮದಲ್ಲಿ ಪದವಿ, ಪ್ರಾಸದ ಮೇಲೆ ಪ್ರೀತಿ, ಕಂಪ್ಯೂಟರಿನ ಬಗ್ಗೆ ಮೊನ್ನೆಮೊನ್ನೆಯವರೆಗೂ ಭೀತಿ. ನಮ್ಮ ಜೊತೆಗಿರುವ ಅತ್ತೆ ನಿವೃತ್ತ ಶಿಕ್ಷಕಿ. ಅವರು ಕಣ್ಣು ಕಾಣದ ಮಕ್ಕಳಿಗಾಗಿ ಪಾಠಗಳನ್ನು ಗಟ್ಟಿಯಾಗಿ ಓದುತ್ತಾರೆ, ನಾನು ಧ್ವನಿಮುದ್ರಿಸಿ ಜಾಲತಾಣಕ್ಕೆ ಹಾಕುತ್ತೇನೆ. ಮೊದಲು ಪುಕ್ಕಟೆ ಸಿಗುವ ಜಾಗದಲ್ಲೇ ಹಾಕುತ್ತಿದ್ದೆ. ಒಂದು ದಿನ ಅತ್ತೆ ತಮ್ಮದೇ ಇತಿಹಾಸದ ಪಾಠ ಕೇಳುತ್ತಾ ಕೂತಿದ್ದವರು ನನ್ನನ್ನು ಕರೆದರು.

“ಅಳಿಯಂದಿರೇ, ರಾಜ ಯುದ್ಧವನ್ನ ಅರ್ಧಕ್ಕೆ ನಿಲ್ಲಿಸಿ ತಲೆಗೆ ಎಣ್ಣೆ ಹಚ್ಚಿಕೊಳ್ತಿದಾನೆ. ಇದನ್ನ ನಾನು ಯಾವಾಗ ಓದಿದೆ?”

ಪಾಠದ ನಡುವೆ ಕೂದಲೆಣ್ಣೆಯ ಜಾಹೀರಾತು ನುಗ್ಗಿತ್ತು. ಪುಕ್ಕಟೆ ಜಾಗದಲ್ಲಿ ಬಾಡಿಗೆಯನ್ನು ಹೀಗೆ ವಸೂಲು ಮಾಡುತ್ತಾರೆಂದು ಅಂದೇ ತಿಳಿದದ್ದು. ಸ್ವಂತ ಮನೆಯಲ್ಲಿ ಸ್ವಂತ ಯಂತ್ರವಿಟ್ಟು, ಅದರಿಂದಲೇ ಪಾಠ ಕೇಳಿಸಬೇಕೆಂದು ನಿರ್ಧರಿಸಿ ಹಳೇ ಕಂಪ್ಯೂಟರ್ ಮಾರುವ ಅಂಗಡಿಗೆ ಹೋದೆ.

“ಗೇಮ್ ಆಡೋಕಾ ಸರ್, ಸಿನಿಮಾ ನೋಡೋಕಾ?” ಎಂದು ಅಂಗಡಿಯಾತ ಕೇಳಿದ.

“ಎರಡೂ ಅಲ್ಲ. ಹಗಲೂ ರಾತ್ರಿ ಸುಮ್ಮನೆ ಆನ್ ಆಗಿರಬೇಕು.”

“ಹಾಗಾದ್ರೆ ದೊಡ್ಡದರ ತಂಟೆಗೆ ಹೋಗಬೇಡಿ. ಫ್ಯಾನ್ ಇಲ್ಲದ್ದು ತಗೊಳ್ಳಿ. ಕರೆಂಟು ಕಮ್ಮಿ, ಸದ್ದಿಲ್ಲ. ಮನೇಲಿ ಬೈಸಿಕೊಳ್ಳೋದೂ ಕಮ್ಮಿ.”

ಕೊನೆಯ ಗುಣವನ್ನು ಯಾವ ಜಾಹೀರಾತಿನಲ್ಲೂ ನೋಡಿರಲಿಲ್ಲ, ಅದಕ್ಕೇ ಒಪ್ಪಿದೆ. ಊಟದ ಡಬ್ಬಿಯಷ್ಟು ದೊಡ್ಡದು, ಯಾವುದೋ ಕಚೇರಿಯವರು ಬೇಡವೆಂದು ಮಾರಿದ್ದು. ಅದಕ್ಕೆ ಎರಡು ಡಿಸ್ಕು, ಒಂದರಲ್ಲಿದ್ದದ್ದೇ ಇನ್ನೊಂದರಲ್ಲೂ ಇರುವಂತೆ. ಕರೆಂಟು ಹೋದರೆ ಕೈಹಿಡಿಯಲು ಪುಟ್ಟ ಬ್ಯಾಟರಿ. ಒಳಗಿನದೆಲ್ಲ ಪಾಸ್‌ವರ್ಡಿನ ಬೀಗದ ಹಿಂದೆ, ಪಾಸ್‌ವರ್ಡು ನಾನೇ ಕಟ್ಟಿದ ಒಂದು ಪ್ರಾಸ. ಅದನ್ನು ಇಲ್ಲಿ ಬರೆಯುವುದಿಲ್ಲ, ತಾವು ಅದನ್ನೂ ಪರಿಶೀಲಿಸಿಬಿಟ್ಟೀರಿ. ಬಟ್ಟೆಯ ಬೀರುವಿನ ಮೇಲೆ ಕೂತು ಅದೀಗ ಹಸಿರು ದೀಪ ಮಿಟುಕಿಸುತ್ತಿದೆ, ಒಂದೇ ಒಂದು ಪಾಠವನ್ನೂ ತಪ್ಪಿಸಿಲ್ಲ.

ಇನ್ನು ನಾಣ್ಯದ ವಿಷಯ. ದೂರದೇಶಗಳ ಕೆಲವು ಕೇಳುಗರು ಮಕ್ಕಳ ಹಾಸ್ಟೆಲಿಗೆ ಪಾಠ ಕೇಳುವ ಯಂತ್ರಗಳನ್ನು ಕೊಳ್ಳಿ ಎಂದು, ಇಂಟರ್ನೆಟ್ಟಿನಲ್ಲೇ ಓಡಾಡುವ ಕ್ರಿಪ್ಟೋ ನಾಣ್ಯ ಕಳಿಸಿದ್ದಾರೆ. ಅದಕ್ಕೆ ಬ್ಯಾಂಕಿಲ್ಲ, ಮ್ಯಾನೇಜರಿಲ್ಲ. ಕೀಲಿ ಎಂಬ ಗುಟ್ಟಿನ ಸಂಕೇತ ಯಾರ ಕೈಯಲ್ಲೋ ನಾಣ್ಯ ಅವರದು. ಸದ್ಯ ಆ ಕೀಲಿ ನನ್ನ ಹಳೇ ಫೋನಿನಲ್ಲಿದೆ. ಫೋನಿನ ಬ್ಯಾಟರಿ ಉಬ್ಬಿ ಬೆನ್ನಿನ ಮುಚ್ಚಳ ಎದ್ದಿದೆ, ಅದರಲ್ಲಿರುವ ಹಳೇ ಆಪ್ ಕೀಲಿಗೆ ಇನ್ನೊಂದು ಪ್ರತಿ ಮಾಡಲು ಬಿಡುವುದಿಲ್ಲ. ಫೋನು ಕಣ್ಣು ಮುಚ್ಚಿದರೆ ಮಕ್ಕಳ ಯಂತ್ರಗಳೂ ಅದರ ಜೊತೆಗೇ ಹೋದವು. ಅಷ್ಟರೊಳಗೆ ನಾಣ್ಯವನ್ನು ಹೊಸ ಕೀಲಿಗೆ ವರ್ಗಾಯಿಸಲೆಂದೇ ಹಾರ್ಡ್‌ವೇರ್ ವ್ಯಾಲೆಟ್ ತರಿಸಿದ್ದು. ಕೀಲಿಯನ್ನು ಇಂಟರ್ನೆಟ್ಟಿಗೆ ಸೋಕಿಸದೆ ಕಾಯುವ, ಹೆಬ್ಬೆರಳುದ್ದದ ಖಜಾನೆ ಅದು. ತಯಾರಕರು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಒಂದೇ ಮಾತು ಅಚ್ಚು ಹಾಕಿದ್ದಾರೆ: ಮುದ್ರೆ ಒಡೆದಿದ್ದರೆ ಬಳಸಬೇಡಿ. ದಾರಿಯಲ್ಲಿ ಯಾರು ಬೇಕಾದರೂ ಒಳಗೆ ಕೈಯಾಡಿಸಿರಬಹುದು ಎಂಬ ಭಯ. ನನ್ನ ಸ್ವಂತ ದುಡ್ಡಾಗಿದ್ದರೆ ದೇವರ ಮೇಲೆ ಭಾರ ಹಾಕಿ ಬಳಸುತ್ತಿದ್ದೆ. ಇದು ನನ್ನನ್ನು ಕಣ್ಣಾರೆ ಕಾಣದವರು ನಂಬಿ ಕೊಟ್ಟದ್ದು.

ತಾವು ಮುದ್ರೆಯನ್ನಷ್ಟೇ ಒಡೆದಿದ್ದರೆ ಈ ಪತ್ರ ಇನ್ನೂ ಚಿಕ್ಕದಾಗುತ್ತಿತ್ತು. ಒಳಗೆ ಒಂದು ಖಾಲಿ ಕಾರ್ಡಿತ್ತು. ಸಾಧನ ಕೆಟ್ಟರೆ ನಾಣ್ಯ ಮರಳಿ ಪಡೆಯಲು ಬೇಕಾಗುವ ಗುಟ್ಟಿನ ಪದಗಳನ್ನು ಮಾಲೀಕ ತನ್ನ ಕೈಯಾರೆ ಬರೆದು ಯಾರಿಗೂ ಕಾಣದಂತೆ ಇಡಬೇಕಾದ ಕಾರ್ಡು. ಅದು ಖಾಲಿ ಬಿದ್ದಿದೆಯಲ್ಲ ಎಂದು ತಮ್ಮ ಕರುಳು ಕಿವುಚಿರಬೇಕು. ತಪಾಸಣೆಯ ಸಂಖ್ಯೆ, ತಾರೀಖು ಬರೆದು, ಕೆಳಗೆ ಚೆಂದದ ರುಜು ಹಾಕಿದ್ದೀರಿ. ಜಗತ್ತಿನಲ್ಲಿ ಯಾರೂ ನೋಡಬಾರದ ಕಾರ್ಡಿಗೆ ಸರ್ಕಾರದ ಅಂಕಿತ! ಈ ಗೌರವ ಇನ್ನಾರಿಗೆ ಸಿಕ್ಕಿದೆ?

ಪೆಟ್ಟಿಗೆ ಕೈಗೆ ಬಂದ ಮರುದಿನ ಅಚ್ಚುಕೂಟಕ್ಕೆ ರಜೆ ಹಾಕಿ ತಮ್ಮ ಕೌಂಟರಿಗೆ ಬಂದೆ. ತಾವೇ ಕೂತಿದ್ದಿರಿ.

“ಗುರುತಿನ ಚೀಟಿ ಕೊಡಿ” ಎಂದಿರಿ.

“ಗುರುತು ಸಿಗಲಿಲ್ವಾ ಮೇಡಂ?”

“ಇಲ್ಲಿ ಚೀಟಿಗಷ್ಟೇ ಗುರುತು. ಏನಾಗಬೇಕಿತ್ತು?”

“ನನ್ನ ಪೆಟ್ಟಿಗೆ ತೆರೆದಿದೀರಿ.”

“ತೆರೆದಿಲ್ಲ, ಪರಿಶೀಲಿಸಿದೀವಿ.”

“ತೆರೆಯದೆ ಪರಿಶೀಲಿಸೋಕೆ ಆಗತ್ತಾ?”

“ಅದು ಕಚೇರಿಯ ವಿಚಾರ. ಮುಂದಿನವರು ಬನ್ನಿ.”

ಮುಂದಿನವನೊಬ್ಬ ದರ್ಜಿ. ಹೊಲಿಗೆಯಂತ್ರದ ಬಿಡಿಭಾಗ ತರಿಸಿದ್ದ. ಮೇಲಿಂದ ಒಮ್ಮೆ ಕಣ್ಣಾಡಿಸಿ ಹಾಗೆಯೇ ಕೊಟ್ಟಿರಿ. ಅವನ ಹಿಂದಿನವರದೂ ಹಾಗೆಯೇ ಹೋಯಿತು. ನನ್ನದೊಂದರ ಮೇಲೇ ಏಕೆ ಇಷ್ಟು ಅಕ್ಕರೆ? ನನ್ನ ಹೆಸರಿನಲ್ಲಿ ಏನಾದರೂ ಅನುಮಾನದ ವಾಸನೆ ಬಂತೇ? ಅಥವಾ ಕರಡು ತಿದ್ದುವವನ ತಪ್ಪನ್ನು ತಿದ್ದುವ ಅವಕಾಶ ಅಪರೂಪವೆಂದೇ?

ಮನೆಗೆ ಬಂದು ಹೆಂಡತಿಯ ಬಳಿ ಗೋಳು ಹೇಳಿಕೊಂಡರೆ ಆಕೆ ತಮ್ಮ ವಕೀಲಳಾಗಿಬಿಟ್ಟಳು. “ಆ ಅಧಿಕಾರಿ ಮಾಡಿದ್ರಲ್ಲಿ ತಪ್ಪೇನು? ಒಳಗೆ ಏನಿದೆ ಅಂತ ಅವರಿಗೆ ಕನಸು ಬೀಳತ್ತಾ? ಆ ಜಾಗದಲ್ಲಿ ನಾನಿದ್ರೂ ಅದನ್ನೇ ಮಾಡ್ತಿದ್ದೆ” ಎಂದಳು. ನಾನು ಒಂದು ಮಾತು ಹೆಚ್ಚು ಆಡಿದೆ, ಆಕೆ ಆಡುವುದನ್ನೇ ಬಿಟ್ಟಳು. ಅಂದಿನಿಂದ ನಮ್ಮ ಮನೆಯ ಸಂದೇಶಗಳೆಲ್ಲ ಅತ್ತೆಯ ಮೂಲಕ.

“ಅಳಿಯಂದಿರೇ, ಇನ್ನಷ್ಟು ಅನ್ನ ಬಡಿಸಲಾ ಅಂತ ಕೇಳ್ತಿದಾಳೆ.”

“ಸಾಕು ಅಂತ ಹೇಳಿ ಅತ್ತೆ.”

“ಸಾಕಂತೆ ಕಣೇ. ಮುಖ ನೋಡಿದ್ರೆ ಸಾಕು ಅನ್ನೋ ಹಾಗೆ ಕಾಣಲ್ಲ. ಅಲ್ಲ, ಪಾಠ ಓದಿ ಓದಿ ಗಂಟಲು ಕಟ್ಟಿದೆ, ಮಧ್ಯೆ ನಿಮ್ಮಿಬ್ಬರ ಮಾತೂ ನಾನೇ ಆಡಬೇಕಾ?”

ಮಾನ್ಯರೇ, ಸುರಕ್ಷತೆ ತಮ್ಮ ಕೆಲಸ ಎಂಬುದನ್ನು ನಾನು ಒಪ್ಪುತ್ತೇನೆ. ಪೆಟ್ಟಿಗೆಗಳಲ್ಲಿ ಬರಬಾರದ್ದೆಲ್ಲ ಬರುತ್ತದೆ, ನೋಡಲೇಬೇಕು. ನೋಡಿ. ಆದರೆ ಮಾಲೀಕನನ್ನು ಕರೆಸಿ, ಅವನ ಎದುರಿಗೇ ಬಿಚ್ಚಿ, ಬಿಚ್ಚಿದ್ದೇವೆಂದು ಒಪ್ಪಿಕೊಂಡು ಬರೆದುಕೊಟ್ಟರೆ ತಮ್ಮ ಕುರ್ಚಿಯ ಕಾಲೇನಾದರೂ ಮುರಿಯುತ್ತದೆಯೇ? ತಯಾರಕರು ಹೊಸ ಸಾಧನ ಕಳಿಸಲು ಸಿದ್ಧರಿದ್ದಾರೆ. ಅವರು ಕೇಳುವುದು ಎರಡೇ ಸಾಲು: ‘ಈ ಪೆಟ್ಟಿಗೆಯ ಮುದ್ರೆಯನ್ನು ತಪಾಸಣೆಗಾಗಿ ನಮ್ಮ ಕಚೇರಿಯೇ ಒಡೆದಿದೆ. ಇದರಲ್ಲಿ ಮಾಲೀಕರ ತಪ್ಪಿಲ್ಲ.’ ಕರಡನ್ನು ನಾನೇ ತಿದ್ದಿಟ್ಟಿದ್ದೇನೆ, ತಮ್ಮ ರುಜು ಒಂದು ಬಿದ್ದರೆ ಸಾಕು. ಫೋನಿನ ಬೆನ್ನು ದಿನೇದಿನೇ ಏಳುತ್ತಿದೆ, ದಯವಿಟ್ಟು ತಡ ಮಾಡಬೇಡಿ. ಈ ಪತ್ರವನ್ನು ಯಾವ ಪತ್ರಿಕೆಯೂ ಹಾಕದಿದ್ದರೆ ಬೀರುವಿನ ಮೇಲಿನ ಯಂತ್ರದಿಂದ ನಾನೇ ಪ್ರಕಟಿಸುತ್ತೇನೆ. ಸ್ವಂತ ಯಂತ್ರ ಇಟ್ಟುಕೊಳ್ಳುವುದು ಮತ್ತೇತಕ್ಕೆ?

ಇನ್ನು ನಾಟಕ ಸಾಕು. ಕಾರ್ಡಿನ ಮೇಲಿನ ರುಜು ಯಾರದೆಂದು ತಿಳಿಯಲು ನನಗೆ ಕನ್ನಡಕವೂ ಬೇಕಾಗಲಿಲ್ಲ. ನಮ್ಮ ಮದುವೆಯ ನೋಂದಣಿ ಪತ್ರದಲ್ಲಿ ನನ್ನ ರುಜುವಿನ ಪಕ್ಕದಲ್ಲೇ ಅದಿದೆ. “ಗಂಡನ ಪೆಟ್ಟಿಗೆ ಅಂತ ಹಾಗೇ ಬಿಟ್ಟಳು ಎಂದು ಯಾರೂ ಆಡಬಾರದು, ಅದಕ್ಕೇ ಅವರದೊಂದನ್ನೇ ಪೂರ್ತಿ ಬಿಚ್ಚಿ ನೋಡಿದೆ” ಎಂದು ನೀನು ಅಮ್ಮನ ಹತ್ತಿರ ಹೇಳಿದ್ದು ಅಡುಗೆಮನೆಯಿಂದ ನನಗೂ ಕೇಳಿಸಿತು. ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಅಷ್ಟು ನೇರವಾಗಿ ಇರುತ್ತಿರಲಿಲ್ಲ. ಆ ಎರಡು ಸಾಲು ಬರೆದುಕೊಡೇ. ಮತ್ತೆ, ಇನ್ನಷ್ಟು ಅನ್ನ ಬೇಕಿತ್ತು.

ಇಂತಿ,
ಕಚೇರಿಯಲ್ಲಿ ಟೋಕನ್ ಹಿಡಿದು, ಮನೆಯಲ್ಲಿ ತಟ್ಟೆ ಹಿಡಿದು,
ಎರಡೂ ಕಡೆ ನಿನ್ನ ಸಾಲಿನಲ್ಲೇ ನಿಂತಿರುವವನು