ಒಂದೇ ಸ್ವರದ ಜುಗ್ಗ

ಭಾನುವಾರ, ಮಧ್ಯಾಹ್ನ

ಮೇಷ್ಟ್ರೇ,

ಫೋನು ಮಾಡಿದರೆ ನೀವು ಎತ್ತುವುದಿಲ್ಲ. ನಿಮ್ಮ ಅಕ್ಕ ಎತ್ತಿ, ನೀವು ಮಲಗಿದ್ದೀರಿ ಎನ್ನುತ್ತಾರೆ. ಹಗಲು ಹೊತ್ತು ಮಲಗುವ ಜಾಯಮಾನ ನಿಮ್ಮದಲ್ಲ ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ಅದಕ್ಕೇ ಈ ಕಾಗದ. ಎದ್ದಾಗ ಓದಿಕೊಳ್ಳಿ.

ನಮ್ಮ ನಾಟಕ ಮಂದಿರ ಮುಚ್ಚುತ್ತಿದ್ದಾರೆ. ಉಡುಪಿನ ಕೋಣೆ ಖಾಲಿ ಮಾಡುವ ಕೆಲಸ ನನ್ನ ತಲೆಗೇ ಬಂತು. ಇಷ್ಟು ವರ್ಷ ಹೊಲಿದವಳೇ ಗಂಟು ಕಟ್ಟಲಿ ಎಂದುಕೊಂಡಿರಬೇಕು. ರಾಜರ ನಿಲುವಂಗಿ, ಪೊಲೀಸರ ಟೋಪಿ, ಯಾವುದೋ ನಾಟಕದ ಕರಡಿಯ ಒಂದು ಕಾಲು. ಧೂಳಿಗೆ ಗಂಟಲು ಕಟ್ಟಿದೆ, ಸೊಂಟದ ಕಥೆ ಕೇಳಲೇಬೇಡಿ. ಹಳೆಯ ವೆಲ್ವೆಟ್ ಪರದೆಯ ಸುರುಳಿ ಎಳೆದರೆ ಅದರಡಿ ನಿಮ್ಮ ಸಿಂಥಸೈಜರ್ ಇತ್ತು, ನಾಟಕಕ್ಕೆ ಹಾಡಿನ ಜೊತೆ ಗಾಳಿ, ರೈಲಿನ ಸದ್ದೂ ಹೊರಡಿಸುತ್ತಿದ್ದ ಆ ಕರೆಂಟಿನ ವಾದ್ಯ.

ಹೌದು, ಅದೇ. ಎರಡೂ ಪಕ್ಕಕ್ಕೆ ಮರದ ಹಲಗೆ, ಮೈತುಂಬ ತಿರುಗಿಸುವ ನಾಬುಗಳು. ಹೊಸ ಕೀಬೋರ್ಡ್ ಬಂದ ಮೇಲೆ ಅದನ್ನು ನೀವೇ ಎಲ್ಲೋ ಸುತ್ತಿಟ್ಟು, ಮರೆತು, ಕಳವಾಯಿತೆಂದು ಊರಿಗೆಲ್ಲ ಸಾರಿದಿರಿ. ಪಾಪ, ಲೈಟಿನವನನ್ನು ಎಷ್ಟು ದಿನ ಗುರಾಯಿಸಿದಿರಿ. ಅವನಿಗೆ ನಾನು ನಿಮ್ಮ ಪರವಾಗಿ ಕಾಫಿ ಕುಡಿಸಿದೆ.

ಸ್ವಿಚ್ ಹಾಕಿದೆ. ಮೊದಲು ಬರೀ ಗೊರಗೊರ. ಶ್ರುತಿ ಒಂದು ಕಡೆ ನಿಲ್ಲಲೊಲ್ಲದು. ಒಳಗೆಲ್ಲ ಬಿಸಿಯಾಗುವ ತನಕ ಅದು ಹಾಗೇ ಎಂದು ನೀವು ಎಲ್ಲರಿಗಿಂತ ಮೊದಲೇ ಬಂದು ಹಾಕಿಡುತ್ತಿದ್ದದ್ದು ನೆನಪಾಯಿತು. ಪರದೆ ಮಡಚುತ್ತ ಕಾದೆ. ಆಮೇಲೆ ಒಂದು ಬೆರಳು ಒತ್ತಿದೆ. ಆ ದನಿ ಕೇಳಿ ಅಲ್ಲೇ ಕೂತು ಅತ್ತುಬಿಟ್ಟೆ ಮೇಷ್ಟ್ರೇ. ಎಷ್ಟು ದಿನದ ಅಳುವೋ ಏನೋ, ನಿಲ್ಲಲೇ ಇಲ್ಲ.

ಅತ್ತು ಮುಗಿದ ಮೇಲೆ ಐದೂ ಬೆರಳು ಒತ್ತಿ ನೋಡಿದೆ. ಬಂದದ್ದು ಒಂದೇ ಸ್ವರ. ಎಷ್ಟು ಒತ್ತಿದರೂ ಒಮ್ಮೆಗೆ ಒಂದಕ್ಕಿಂತ ಹೆಚ್ಚು ಕೊಡದ ಜುಗ್ಗ ಎಂದು ನೀವು ಬೈಯುತ್ತಿದ್ದಿರಲ್ಲ, ಅದೇ ಜುಗ್ಗತನ. ಆಗ ನನಗೆ ಹೊಳೆಯಿತು. ಇದನ್ನು ನುಡಿಸಲು ಒಂದು ಕೈ ಸಾಕು.

ಕೈಯ ವಿಷಯ ಎತ್ತಬಾರದೆಂದಿದ್ದೆ. ಎತ್ತುತ್ತೇನೆ. ಲಕ್ವ ಹೊಡೆದು ಎಡಗೈ ಬಿದ್ದ ಮೇಲೆ, ಎರಡು ಕೈಯಿಲ್ಲದೆ ಕೀಬೋರ್ಡ್ ಇಲ್ಲ, ಅಂಗಿಯ ಗುಂಡಿ ಹಾಕಿಕೊಳ್ಳಲಾಗದ ಗಂಡಸು ಹೆಂಡತಿಗೆ ಹೊರೆ ಎಂದು ಹೇಳಿ ಅಕ್ಕನ ಮನೆ ಸೇರಿದಿರಿ. ನನ್ನನ್ನು ಒಂದು ಮಾತು ಕೇಳಲಿಲ್ಲ. ಅಂಗಿಗೆ ಗುಂಡಿ ಹಾಕುವುದು ನನಗೇನು ಹೊಸದೇ? ರಾಜನಿಂದ ಕಳ್ಳನವರೆಗೆ ಎಲ್ಲರಿಗೂ ಹಾಕಿ ರಂಗಕ್ಕೆ ಕಳಿಸಿದವಳು ನಾನು. ನಿಮಗೊಬ್ಬರಿಗೆ ಹಾಕಿದರೆ ಕೈ ಸವೆದುಹೋಗುತ್ತದೆ ಎಂದು ಯಾರು ಹೇಳಿದರು? ಸಿಟ್ಟು ಬಂದಿತ್ತು. ಈಗ ಸಿಟ್ಟಿಗೂ ತ್ರಾಣವಿಲ್ಲ. ಸುಮ್ಮನೆ ಸುಸ್ತಾಗಿದೆ.

ಬಲಗೈ ನೆಟ್ಟಗಿದೆ ಎಂದು ನಿಮ್ಮ ಅಕ್ಕನೇ ಹೇಳಿದರು. ಮೊದಲು ಎಡಗೈಯಲ್ಲಿ ನಾಬು ತಿರುಗಿಸುತ್ತಿದ್ದಿರಿ. ಅದನ್ನು ನಾನು ಮಾಡುತ್ತೇನೆ. ಯಾವುದು ಗಾಳಿಗೆ, ಯಾವುದು ರೈಲಿಗೆ ಎಂದು ಹೇಳಿಕೊಡಿ. ತಪ್ಪಿದರೆ ಬೈಯಿರಿ. ನಿಮ್ಮಿಂದ ಬೈಸಿಕೊಂಡೂ ಬಹಳ ದಿನವಾಯಿತು.

ತಿಂಗಳ ಕೊನೆಗೆ ಕೋಣೆಯಲ್ಲಿ ಉಳಿದದ್ದೆಲ್ಲ ಗುಜರಿಯವನ ಪಾಲಂತೆ. ಅಷ್ಟು ಭಾರ ನಾನೊಬ್ಬಳೇ ಹೊರಲಾರೆ. ಬೇಕೋ ಬೇಡವೋ, ನೀವೇ ಬಂದು ನೋಡಿ ಹೇಳಿ. ಯಂತ್ರದ ಸಲುವಾಗಿ ಬನ್ನಿ, ಸಾಕು. ಬೇರೆ ಏನನ್ನೂ ಕೇಳುವುದಿಲ್ಲ.

ಇಂತಿ, ಇನ್ನೂ ನಿಮ್ಮವಳೇ ಆದ
ದರ್ಜಿ

ತಾ.ಕ.: ಗುಜರಿಯವನ ಮಾತು ಸುಳ್ಳು. ಸಿಕ್ಕಿದ ದಿನವೇ ಲೈಟಿನವನ ಕೈಲಿ ಹೊರಿಸಿ ಅದನ್ನು ಮನೆಗೆ ತಂದಿದ್ದೇನೆ. ಬೇರೆಲ್ಲೂ ಹಿಡಿಸದೆ ಊಟದ ಮೇಜಿನ ಮೇಲಿಟ್ಟಿದ್ದೇನೆ; ತಟ್ಟೆ ಇಡಲು ಜಾಗವಿಲ್ಲ. ಅಂದಿನಿಂದ ಅಡುಗೆಮನೆಯಲ್ಲಿ ನಿಂತೇ ಉಣ್ಣುತ್ತಿದ್ದೇನೆ. ಕಾಲು ನೋಯುತ್ತದೆ. ಬೇಗ ಬನ್ನಿ.