ಬಡಗಿಯಣ್ಣನ ತಪ್ಪಲ್ಲ

ಮೂರನೇ ಮಹಡಿ, ಮನೆಯಿಂದ
೧೪ನೇ ತಾರೀಖು, ಶನಿವಾರ ಬೆಳಿಗ್ಗೆ

ಪ್ರೀತಿಯ ನಮ್ಮವರಿಗೆ,

ಆರೋಗ್ಯವಾಗಿದ್ದೀರಾ? ಮೊಣಕಾಲು ನೋವು ಹೇಗಿದೆ? ಹಡಗು ಅಲ್ಲಾಡುವಾಗ ಒಲೆಯ ಮುಂದೆ ನಿಂತೇ ಇರಬೇಡಿ, ಒಂದು ಸ್ಟೂಲ್ ಹಾಕಿಕೊಳ್ಳಿ ಎಂದು ಎಷ್ಟು ಸಲ ಹೇಳಿದ್ದೇನೋ. ಇಪ್ಪತ್ತೆರಡು ಜನರಿಗೆ ಮೂರು ಹೊತ್ತು ಬೇಯಿಸಿ ಹಾಕುವ ಈ ಮನುಷ್ಯ ಮನೆಗೆ ಬಂದರೆ ಒಂದು ಲೋಟ ನೀರನ್ನೂ ತಾನಾಗಿ ತೆಗೆದುಕೊಳ್ಳುವುದಿಲ್ಲ ಎಂದು ನಿಮ್ಮ ಕ್ಯಾಪ್ಟನರಿಗೆ ಒಂದು ದಿನ ಬರೆದೇ ಬರೆಯುತ್ತೇನೆ. ನನ್ನ ವಿಷಯ ಹೇಳಬೇಕೆಂದರೆ, ಊಟ ಮಾಡುತ್ತಿದ್ದೇನೆ, ಹೊಲಿಯುತ್ತಿದ್ದೇನೆ. ಸುಳ್ಳಿಲ್ಲದೆ ಬರೆಯಲು ಬರುವುದು ಅಷ್ಟೇ. ಮೊದಲ ಪರಮಪ್ರಸಾದ ತೆಗೆದುಕೊಳ್ಳುವ ಮಕ್ಕಳ ಬಿಳಿ ಬಟ್ಟೆ ಹದಿನಾಲ್ಕು ಜೊತೆ ಬಂದಿವೆ. ಹಗಲಲ್ಲೇ ದೀಪ ಹಾಕಿಕೊಂಡು ಹೊಲಿಯುತ್ತೇನೆ. ಬಡಗಿಯಣ್ಣ ವರಾಂಡಕ್ಕೆ ಹೊಸ ಕಟಕಟೆ ಹಾಕಿದ್ದಾನಲ್ಲ, ನನ್ನ ತಲೆಗಿಂತ ಎತ್ತರ, ಹಲಗೆಗಳ ನಡುವೆ ಬೆರಳು ತೂರುವುದಿಲ್ಲ. ಮೂರೂ ಮಹಡಿಗೆ ಹಾಗೆಯೇ ಹಾಕಿದ. ಯಾರೂ ಕೇಳಿರಲಿಲ್ಲ. ನಮ್ಮ ಕೋಣೆಗೆ ಬರುತ್ತಿದ್ದ ಬೆಳಕೆಲ್ಲ ಆಚೆಯೇ ನಿಂತಿದೆ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ನಿಮ್ಮ ಪತ್ರ, ಅದರ ಜೊತೆಗಿದ್ದ ದೂರಿನ ಕಾಗದ, ಎರಡೂ ಸೋಮವಾರ ಕೈಸೇರಿದವು. ತಿಂಗಳು ಮುಗಿಯುವುದರೊಳಗೆ ಸಹಿ ಹಾಕಿ ಪೊಲೀಸ್ ಠಾಣೆಗೆ ಕೊಡು, ನಮ್ಮ ಮಗನನ್ನು ತಿಂದವನನ್ನು ಸುಮ್ಮನೆ ಬಿಡಬೇಡ ಎಂದು ಬರೆದಿದ್ದೀರಿ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಬಡಗಿಯಣ್ಣ ಹಳೆಯ ಕಟಕಟೆ ರಿಪೇರಿ ಮಾಡಿ ವಾರವೂ ಆಗಿರಲಿಲ್ಲ, ಹಲಗೆ ಕಳಚಿ ಮಗ ಬಿದ್ದ ಎಂದು ಊರೆಲ್ಲ ಹೇಳುತ್ತಿದೆ. ನಿಮಗೂ ನಾನೇ ಹಾಗೆ ಹೇಳಿದೆ. ಇಪ್ಪತ್ತು ವರ್ಷ ಚರ್ಚಿನಲ್ಲಿ ಪಕ್ಕಪಕ್ಕ ನಿಂತು ಹಾಡಿದ ಗೆಳೆಯನ ಮೇಲೆ ನೀವು ಹಲ್ಲು ಕಡಿಯುವಂತೆ ಮಾಡಿದವಳು ನಾನು. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಹಿಂದೆ ಯಾವಾಗಲೂ ಯಾರಾದರೂ ಪಾತ್ರೆ ಬಡಿಯುತ್ತಿರುತ್ತಾರೆ. ಸರಿಯಾಗಿ ಕೇಳಿಸುತ್ತಿಲ್ಲ ಎಂದು ಎಷ್ಟೋ ಸಲ ಇಟ್ಟುಬಿಟ್ಟೆ. ಕೇಳಿಸುತ್ತಿತ್ತು ರೀ, ಚೆನ್ನಾಗಿಯೇ ಕೇಳಿಸುತ್ತಿತ್ತು. ಈಗ ದಯವಿಟ್ಟು ಎಲ್ಲಾದರೂ ಕೂತುಕೊಂಡು ಮುಂದಿನದನ್ನು ಓದಿ.

ಹಲಗೆ ಕಳಚಿರಲಿಲ್ಲ. ನಮ್ಮ ಮಗ ತಾನಾಗಿಯೇ ಹೋದ. ಅವತ್ತು ಬೆಳಗಿನ ಪೂಜೆಗೆ ಹೊರಡಲೆಂದು ಎದ್ದೆ. ಮೆಷಿನ್ನಿನ ಮೇಲೆ, ಸೂಜಿ ಚುಚ್ಚಿಡುವ ದಿಂಬಿನ ಕೆಳಗೆ ಒಂದು ಚೀಟಿ ಇತ್ತು. ನಿನ್ನ ತಪ್ಪಲ್ಲ ಅಮ್ಮ ಎಂದು ಬರೆದಿದ್ದ. ಅಪ್ಪನನ್ನು ನೋಡಿಕೋ ಎಂದು ಬರೆದಿದ್ದ, ನೀವೇನೋ ಪುಟ್ಟ ಮಗು ಎನ್ನುವ ಹಾಗೆ. ವರಾಂಡಕ್ಕೆ ಬಂದು ಬಗ್ಗಿ ನೋಡಿದೆ, ಕೆಳಗೆ ಅಂಗಳದಲ್ಲಿ ಬಿದ್ದಿದ್ದ. ಸುತ್ತಮುತ್ತ ಇನ್ನೂ ಯಾರೂ ಎದ್ದಿರಲಿಲ್ಲ. ನಾನು ಆಗಲೇ ಕೆಳಗೆ ಓಡಬೇಕಾಗಿತ್ತು ಅಲ್ಲವೇ? ಯಾವ ತಾಯಿಯಾದರೂ ಓಡುತ್ತಿದ್ದಳು. ನಾನು ಒಳಗೆ ಹೋಗಿ ಮೆಷಿನ್ನಿನ ಸಣ್ಣ ಸ್ಕ್ರೂಡ್ರೈವರ್ ತಂದೆ. ಕಟಕಟೆಯ ಒಂದು ಹಲಗೆಯ ನಾಲ್ಕೂ ಸ್ಕ್ರೂ ಬಿಚ್ಚಿ ಹಲಗೆಯನ್ನು ಕೆಳಗೆ ಬೀಳಿಸಿದೆ. ಆಮೇಲೆ ಓಡಿದೆ, ಆಮೇಲೆ ಕೂಗಿದೆ. ಬಿದ್ದ ತಕ್ಷಣವೇ ಜೀವ ಹೋಗಿದೆ ಎಂದು ಡಾಕ್ಟರು ಹೇಳಿದರು. ಆದರೆ ಸ್ಕ್ರೂ ಬಿಚ್ಚುವಾಗ ನನಗೆ ಅದು ಗೊತ್ತಿರಲಿಲ್ಲವಲ್ಲ. ಅವನು ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ನೋಡುವ ಮೊದಲು ನಾನು ಹಲಗೆಯನ್ನು ನೋಡಿಕೊಂಡೆ. ಈ ಮಾತನ್ನು ಬರೆಯಲು ನನಗೆ ಐದು ತಿಂಗಳು ಬೇಕಾಯಿತು.

ಯಾಕೆ ಹಾಗೆ ಮಾಡಿದೆ ಎಂದು ಕೇಳುತ್ತೀರಿ. ನಾನು ಏಳೆಂಟು ವರ್ಷದವಳಾಗಿದ್ದಾಗ ನಮ್ಮ ಬೀದಿಯ ಗಡಿಯಾರ ರಿಪೇರಿಯವನು ಹೀಗೆಯೇ ಸತ್ತ. ಅವನ ಶವಪೆಟ್ಟಿಗೆ ಚರ್ಚಿನ ಬಾಗಿಲ ಮುಂದೆಯೇ ಹೋಯಿತು, ಒಳಗೆ ಹೋಗಲಿಲ್ಲ. ಗಂಟೆ ಬಾರಿಸಲಿಲ್ಲ, ಗುರುಗಳು ಬರಲಿಲ್ಲ. ಸಮಾಧಿಸ್ಥಳದ ಗೋಡೆಯ ಆಚೆ, ಕಸ ಸುಡುವ ಜಾಗದ ಪಕ್ಕದಲ್ಲಿ ಹೂತರು. ಅಮ್ಮ ನನ್ನ ಕಣ್ಣು ಮುಚ್ಚಿ, ಅವನಿಗಾಗಿ ಪ್ರಾರ್ಥನೆ ಮಾಡಬಾರದು, ಮಾಡಿದರೂ ಕೇಳಿಸಿಕೊಳ್ಳುವವರು ಯಾರೂ ಇಲ್ಲ ಎಂದಳು. ದೇವರು ಕೊಟ್ಟ ಜೀವವನ್ನು ತಾನೇ ತೆಗೆದುಕೊಂಡವನಿಗೆ ಪಶ್ಚಾತ್ತಾಪಪಡಲು ಹೊತ್ತೇ ಸಿಗುವುದಿಲ್ಲ, ಹೊತ್ತಿಲ್ಲದವನಿಗೆ ಕ್ಷಮೆಯೂ ಇಲ್ಲ ಎಂದು ಧರ್ಮೋಪದೇಶದ ತರಗತಿಯಲ್ಲಿ ಬಾಯಿಪಾಠ ಮಾಡಿಸಿದ್ದರು. ಆ ಬೆಳಿಗ್ಗೆ ನನ್ನ ತಲೆಯಲ್ಲಿದ್ದದ್ದು ಆ ಗೋಡೆ ಒಂದೇ. ನನ್ನ ಮಗ ಅದರ ಆಚೆ ಮಲಗಬಾರದು. ಬಡಗಿಯಣ್ಣನ ನೆನಪು, ದೇವರಾಣೆ, ನನಗೆ ಬರಲಿಲ್ಲ. ಅವನು ತನ್ನ ಕೈಯಾರೆ ಪೆಟ್ಟಿಗೆ ಮಾಡಿಕೊಂಡು ಬಂದು ಬಾಗಿಲಲ್ಲಿ ನಿಂತು, ನನ್ನನ್ನ ಕ್ಷಮಿಸು ತಂಗಿ ಎಂದಾಗಲೇ ನಾನು ಏನು ಮಾಡಿದ್ದೇನೆಂದು ತಿಳಿದದ್ದು. ಆಗ ಅಂಗಳದಲ್ಲಿ, ಮೆಟ್ಟಿಲಲ್ಲಿ, ರಸ್ತೆಯಲ್ಲಿ ಎಲ್ಲ ಕಡೆ ಜನ ತುಂಬಿದ್ದರು. ನಾನು ತಲೆಯಾಡಿಸಿದೆ. ಕ್ಷಮಿಸಿದೆ ಎಂದು ಅವನು ಅರ್ಥ ಮಾಡಿಕೊಂಡ.

ಎರಡು ತಿಂಗಳ ಹಿಂದೆ ತಡೆಯಲಾರದೆ ಪಾಪನಿವೇದನೆಗೆ ಹೋದೆ. ನೀವು ಇನ್ನೂ ನೋಡಿಲ್ಲ, ಹೊಸ ಫಾದರ್ ಚಿಕ್ಕ ವಯಸ್ಸಿನವರು, ನಮ್ಮ ಮಗನಿಗಿಂತ ಆರೇಳು ವರ್ಷ ದೊಡ್ಡವರಿರಬಹುದು. ಎಲ್ಲ ಹೇಳಿದೆ.  ಅವರು, ಅಮ್ಮಾ, ಆ ಗೋಡೆಯ ಪದ್ಧತಿ ಹೋಗಿ ಎಷ್ಟೋ ವರ್ಷ ಆಯ್ತು, ನೀವು ನಿಜ ಹೇಳಿದ್ರೂ ಗಂಟೆ ಬಾರಿಸಿ ಒಳಗೇ ಹೂಳ್ತಿದ್ರು ಎಂದರು. ಕೇಳಿದಿರಾ? ಇಲ್ಲದ ಗೋಡೆಗೆ ಹೆದರಿ ನಾನು ಇಷ್ಟೆಲ್ಲ ಮಾಡಿದೆ. ನನಗೆ ನಗು ಬಂತು ರೀ, ಪಾಪನಿವೇದನೆಯ ಗೂಡಿನಲ್ಲಿ ಕೂತು ಹುಚ್ಚಿಯ ಹಾಗೆ ನಕ್ಕೆ. ಮನಸ್ಸಿಗೆ ಕಾಯಿಲೆ ಬಿದ್ದವನ ತಪ್ಪನ್ನು ಧರ್ಮಸಭೆ ಈಗ ಹಾಗೆ ಅಳೆಯುವುದಿಲ್ಲವಂತೆ. ಕೊನೆಯ ಕ್ಷಣದಲ್ಲಿ ದೇವರಿಗೂ ಅವನಿಗೂ ನಡುವೆ ಏನು ನಡೆಯಿತೆಂದು ನಮಗೆ ಗೊತ್ತಿಲ್ಲವಂತೆ, ದೇವರ ಕೈಗೆ ಎಟುಕದ ಜಾಗವಿಲ್ಲವಂತೆ. ಬೆಳಿಗ್ಗೆ ನಾನು ಇದನ್ನು ನಂಬುತ್ತೇನೆ. ಸಂಜೆಯಾಗುತ್ತಿದ್ದಂತೆ ಅಮ್ಮನ ಕೈ ಮತ್ತೆ ಕಣ್ಣಿನ ಮೇಲೆ ಬರುತ್ತದೆ. ಅವನು ವರ್ಷವಿಡೀ ನಿದ್ದೆಯಿಲ್ಲದೆ ಸೊರಗುತ್ತಿದ್ದಾಗ ಜಪಮಾಲೆ ಹಿಡಿದುಕೋ ಎಂದೆನೇ ಹೊರತು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿಲ್ಲ. ಮನಸ್ಸಿಗೂ ಡಾಕ್ಟರು ಬೇಕು ಎಂಬ ಬುದ್ಧಿ ನನಗೆ ಆಗ ಇರಲಿಲ್ಲ.

ನಿಜ ಹೇಳಿಬಿಡುತ್ತೇನೆ, ನಾನು ಫಾದರ್ ಹತ್ತಿರ ಹೋಗಿದ್ದು ಬರೀ ಪಶ್ಚಾತ್ತಾಪದಿಂದಲ್ಲ. ಅವರ ಕಿವಿಗೆ ಹಾಕಿದರೆ ಅವರೇ ಹೇಗಾದರೂ ಬಡಗಿಯಣ್ಣನಿಗೆ ಸಮಾಧಾನ ಹೇಳಿಯಾರು, ನಾನು ಕೈ ತೊಳೆದುಕೊಳ್ಳಬಹುದು ಎಂಬ ಲೆಕ್ಕಾಚಾರವೂ ಇತ್ತು. ಆದದ್ದು ತದ್ವಿರುದ್ಧ. ನಿವೇದನೆಯಲ್ಲಿ ಕೇಳಿದ್ದನ್ನು ಪ್ರಾಣ ಹೋದರೂ ಅವರು ಬಾಯಿ ಬಿಡುವಂತಿಲ್ಲ. ನೀವೇ ಹೇಳಬೇಕಮ್ಮಾ, ನನ್ನ ಬಾಯಿ ಕಟ್ಟಿದೆ ಎಂದರು. ಬಡಗಿಯಣ್ಣ ಪ್ರತಿ ಶನಿವಾರವೂ ಅದೇ ಗೂಡಿಗೆ ಹೋಗುತ್ತಾನೆ. ಹೊರಗೆ ಬರುವಾಗ ಅವನ ಮುಖ ಮೊದಲಿನ ಹಾಗೆಯೇ ಇರುತ್ತದೆ, ಫಾದರ್ ಮುಖ ಮಾತ್ರ ವಾರದಿಂದ ವಾರಕ್ಕೆ ಇಳಿದುಹೋಗುತ್ತಿದೆ. ಪೂಜೆಯಲ್ಲಿ ಎಲ್ಲರೂ ಪ್ರಸಾದಕ್ಕೆ ಎದ್ದಾಗ ಕೊನೆಯ ಬೆಂಚಿನಲ್ಲಿ ತಾನು ಯೋಗ್ಯನಲ್ಲವೆಂದು ಅವನೊಬ್ಬ ಕೂತಿರುತ್ತಾನೆ. ಈ ಕಡೆಯ ಬೆಂಚಿನಲ್ಲಿ ನಾನು. ಬಾಗಿಲಲ್ಲಿ ಸಿಕ್ಕರೆ ಫಾದರ್ ಬಲಿಪೀಠದ ಬಟ್ಟೆಯ ಅಳತೆ ಕೇಳುತ್ತಾರೆ, ಬೇರೇನೂ ಕೇಳುವಂತಿಲ್ಲ. ನನ್ನ ಒಂದು ಸುಳ್ಳಿನೊಳಗೆ ನಾವು ಮೂರು ಜನ ಸಿಕ್ಕಿಕೊಂಡಿದ್ದೇವೆ, ಬೀಗದ ಕೈ ನನ್ನ ಹತ್ತಿರ ಇದೆ.

ಮೊನ್ನೆ ಗುರುವಾರ ಬಡಗಿಯಣ್ಣನ ಹೆಂಡತಿ ಬಂದಿದ್ದಳು, ಬಟ್ಟೆ ಕೊಡುವ ನೆಪದಲ್ಲಿ. ಕೂತವಳೇ ಅತ್ತಳು. ಅವನು ಗರಗಸ, ಉಳಿ, ಸುತ್ತಿಗೆ ಎಲ್ಲವನ್ನೂ ಉಳಿದ ಬಡಗಿಗಳಿಗೆ ಹಂಚಿಬಿಟ್ಟಿದ್ದಾನಂತೆ. ಇನ್ನು ನನಗೆ ಬೇಡ ಎಂದನಂತೆ. ಈಗ ಮಾತು ಕಡಿಮೆಯಾಗಿ ಶಾಂತವಾಗಿದ್ದಾನೆ, ಅದೇ ಭಯ ಎಂದಳು.  ನಮ್ಮ ಮಗನೂ ಕೊನೆಯ ವಾರದಲ್ಲಿ ಸೈಕಲ್ಲನ್ನು ಪಕ್ಕದ ಮನೆಯವರಿಗೆ ಕೊಟ್ಟಿದ್ದ, ಶಾಂತವಾಗಿದ್ದ, ಸದ್ಯ ಸರಿಹೋದನಲ್ಲ ಎಂದು ನಾನು ಸಂತೋಷಪಟ್ಟಿದ್ದೆ. ಗಂಡನನ್ನು ಒಬ್ಬನನ್ನೇ ಬಿಡಬೇಡ, ಇವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು ಎಂದು ಅವಳಿಗೆ ಹೇಳಿದೆ. ಅಷ್ಟು ಹೇಳಲು ಬಾಯಿ ಬಂತು. ಉಳಿದದ್ದನ್ನು ಹೇಳಲಿಲ್ಲ. ನಿಮಗೆ ಹೇಳದೆ ಅವನಿಗೆ ಹೇಗೆ ಹೇಳಲಿ, ಮಗನ ತಂದೆ ನೀವು, ಮೊದಲು ನಿಮಗೆ ತಿಳಿಯಬೇಕು ಎಂದು ಎರಡು ದಿನದಿಂದ ಈ ಕಾಗದದ ಮುಂದೆ ಕೂತಿದ್ದೇನೆ. ನಿಮ್ಮ ಉತ್ತರ ಬಂದ ಮೇಲೆ ಹೇಳೋಣ ಎಂದೂ ಒಂದು ಮನಸ್ಸು.

ಆರೋಗ್ಯ ನೋಡಿಕೊಳ್ಳಿ. ಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ. ಇದನ್ನು ಓದಿದ ಮೇಲೆ ಒಬ್ಬರೇ ಡೆಕ್ಕಿನ ಮೇಲೆ ನಿಲ್ಲಬೇಡಿ, ನಿಮ್ಮ ಜೊತೆ ಕೆಲಸ ಮಾಡುವ ಆ ತಮಾಷೆಯ ಮನುಷ್ಯನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಪ್ರಭು ನಿಮ್ಮನ್ನು ನೀರಿನ ಮೇಲೂ ಕಾಯಲಿ.

ನಿಮ್ಮ ಮನೆಯವಳು

ಮರೆತ ಮಾತು: ಹಡಗಿಗೆ ಕಾಗದ ಕಳಿಸುವ ಕಂಪನಿ ಆಫೀಸು ಒಂದು ಗಂಟೆಗೆ ಮುಚ್ಚುತ್ತದೆ, ಅಲ್ಲಿಯ ಬೆಂಚಿನಲ್ಲಿ ಕೂತು ಗೀಚುತ್ತಿದ್ದೇನೆ. ನಿಮ್ಮ ಉತ್ತರಕ್ಕೆ ಕಾಯಲಿಲ್ಲ. ಬರುವ ದಾರಿಯಲ್ಲಿ ಬಡಗಿಯಣ್ಣನ ಮನೆಗೆ ಹೋಗಿ ಹೇಳಿಬಿಟ್ಟೆ, ಮಗನ ಚೀಟಿ ತೋರಿಸಿದೆ. ಐದು ತಿಂಗಳು ಎಂದ, ಅಷ್ಟೇ. ಆಮೇಲೆ ಹೆಂಡತಿಯನ್ನು ಕರೆದು ಅವಳ ಮುಂದೆ ಇನ್ನೊಂದು ಸಲ ಹೇಳು ಎಂದ. ಹೇಳಿದೆ. ಇನ್ನೊಂದು ಸಲ ಎಂದ. ಮೂರು ಸಲ ಹೇಳಿದೆ. ಅವನು ಗೋಡೆಗೆ ಒರಗಿ ಅತ್ತ. ನಿನ್ನನ್ನ ಕ್ಷಮಿಸೋಕೆ ಆಗುತ್ತೋ ಇಲ್ವೋ ಗೊತ್ತಿಲ್ಲ, ಈಗ ಎದ್ದು ಹೋಗು ಎಂದ. ಮೆಟ್ಟಿಲಿಳಿಯುವಾಗ ಹಿಂದಿನಿಂದ ಕೂಗಿ, ಹುಡುಗನ ಮೇಲೆ ಮಾತ್ರ ನನಗೇನೂ ಇಲ್ಲ ಎಂದ. ದೂರಿನ ಕಾಗದ ಹರಿದು ಹಾಕಿದ್ದೇನೆ. ಮಗನನ್ನು ದೇವರು ಕೈಬಿಟ್ಟಿಲ್ಲ ಎಂದು ಫಾದರ್ ಹೇಳುತ್ತಾರೆ, ಬಡಗಿಯಣ್ಣನಿಗೂ ಏನೂ ಇಲ್ಲವಂತೆ. ನಿಮಗೆ ನಮ್ಮ ಮಗನ ಮೇಲೆ ಸಿಟ್ಟಿದೆಯೇ? ಅದೊಂದನ್ನು ಬರೆಯಿರಿ. ನನ್ನ ವಿಷಯ ನೀವು ಬಂದ ಮೇಲೆ ನೋಡೋಣ.